ಶರಣಚರಿತ್ರೆಯ ನಾಟಕವೂ ಪ್ರೇಕ್ಷಕವರ್ಗವೂ

(ಶ್ರೀಮಠದ ಮಹೋತ್ಸವದ ಸಂಬಂಧದಲ್ಲಿ ಬೊಮ್ಮನಹಳ್ಳಿಯ ಭಕ್ತಮಂಡಲಿಯ ಮುಂದೆ ಮಾಡಿದ ಉಪನ್ಯಾಸದ ಪಾಠ)



 

ಮಠದ ಉತ್ಸವದಲ್ಲಿ ಪುರಾಣಪ್ರವಚನವು ನಡೆಯಬಹುದು, ಕೀರ್ತನವು ನಡೆಯಬಹುದು, ಶಿವಾನುಭವಗೋಷ್ಠಿಯು ನಡೆಯಬಹುದು. ನಾಟಕದ ಮಾತಿಗೆ ಇಲ್ಲಿ ಏನು ಪ್ರಸಕ್ತಿಯೆಂದು ಹಿರಿಯರಲ್ಲಿ ಕೆಲವರಿಗಾದರೂ ತೋರದೆ ಇರದು. ಅದರಲ್ಲಿಯೂ ದೂರದರ್ಶನದ ಪೆಟ್ಟಿಗೆಯಲ್ಲಿ ವೇಷ ಹಾಕಿಕೊಂಡು ಕಾಣಿಸಿಕೊಂಡವರೊಬ್ಬರು ಬರೆದ ನಾಟಕದ ಮಾತು! ಆದರೆ ಆ ನಾಟಕದ ಹೆಸರು ‘ತಲೆದಂಡ’. ಅದರ ಸ್ಥಳ ಕಲ್ಯಾಣ. ಅದರ ಪಾತ್ರಗಳು ಬಸವಣ್ಣನವರು, ಗಂಗಾಂಬಿಕೆ, ಹರಳಯ್ಯ, ಮಧುವರಸ, ಕಕ್ಕಯ್ಯ, ಜಗದೇವ, ಬಿಜ್ಜಳ. ಪ್ರತಿದಿನವೂ ಯಾರ ಹೆಸರನ್ನು ಹೇಳಿ ಭಕ್ತನು ವಿಭೂತಿಯನ್ನು ಧರಿಸುತ್ತಾನೆಯೋ ಅವರನ್ನೇ ಒಬ್ಬ ನಾಟಕಕಾರನು ದೀಪದ ಬೆಳಕಿಗೆ ತಂದು ನಿಲ್ಲಿಸಿರುವಾಗ, ಅದನ್ನು ನೋಡಿದ ಜನರ ಮನಸ್ಸಿಗೆ ಏನಾಯಿತೆಂಬುದು ಮಠಕ್ಕೆ ಸಂಬಂಧಿಸಿದ ಮಾತಲ್ಲವೆಂದರೆ ಮತ್ತೆ ಯಾವುದು ಸಂಬಂಧಿಸಿದ್ದು?

ಗ್ರಂಥಕರ್ತರ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಗಿರೀಶ ಕಾರ್ನಾಡರು 1938ರಲ್ಲಿ ಹುಟ್ಟಿದರು. ಸಿರಸಿ ಧಾರವಾಡಗಳಲ್ಲಿ ಬೆಳೆದರು. 1961ರಲ್ಲಿ ‘ಯಯಾತಿ’ಯನ್ನೂ 1964ರಲ್ಲಿ ‘ತುಘಲಕ್’ ನಾಟಕವನ್ನೂ ಪ್ರಕಟಿಸಿದರು. ‘ತಲೆದಂಡ’ವು 1990ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಿದ್ದಿತು, ಅದಕ್ಕೆ 1994ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವು ಬಂದಿತು. 1998ರ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಸಂದಿತು. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟರು. ಇಷ್ಟು ವಿದ್ವಾಂಸರಿಗೆ ತಿಳಿದ ಚರಿತ್ರೆ. ಆದರೆ ಮನೆಮನೆಯ ಹೆಂಗಸರೂ ಮಕ್ಕಳೂ ಅವರನ್ನು ಗುರುತಿಸಿದ್ದು ಈ ಗ್ರಂಥಗಳಿಂದಲ್ಲ. ಶಂಕರ ನಾಗರು ಆಗುಂಬೆಯಲ್ಲಿ ಚಿತ್ರೀಕರಿಸಿ 1986-87ರ ಸುಮಾರಿನಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಎಂಬ ಕಥಾಮಾಲೆಯಲ್ಲಿ, ಸ್ವಾಮಿಯೆಂಬ ಹುಡುಗನ ತಂದೆಯಾಗಿ, ಬಿಗಿದ ಮುಖದ ಗೃಹಸ್ಥನಾಗಿ ಅವರು ಬಂದರು. ಆ ಮೇಲೆ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದ ನಿರೂಪಕರಾಗಿಯೂ ಕಾಣಿಸಿಕೊಂಡರು. ಊಟದ ಹೊತ್ತಿನಲ್ಲಿ ನಡುಮನೆಯೊಳಕ್ಕೆ ಬಂದು ಕೂತುಹೋದ ಮುಖವದು. ಆ ಮುಖದವರು ಬಸವಣ್ಣನವರನ್ನು ಕುರಿತು ನಾಟಕ ಬರೆದಿದ್ದಾರೆಂದಾಗ, ನಾಟಕಶಾಲೆಯ ಬಾಗಿಲನ್ನು ಎಂದೂ ಕಾಣದವರಿಗೂ ಅದೇನೆಂದು ನೋಡುವ ಕುತೂಹಲ ಹುಟ್ಟಿದರೆ ಆಶ್ಚರ್ಯವಿಲ್ಲ.

ಕುತೂಹಲದ ಬೆನ್ನಿಗೇ ಒಂದು ಸಂದೇಹವೂ ಹುಟ್ಟಿತು. ಕಾರ್ನಾಡರು ಕೊಂಕಣಿ ಮಾತಾಡುವ ಸಾರಸ್ವತ ಮನೆತನದಲ್ಲಿ ಹುಟ್ಟಿದವರು. ಲಿಂಗಧಾರಣೆಯಿಲ್ಲದವರು ಶರಣರ ಅಂತರಂಗವನ್ನು ಹೇಗೆ ಬಲ್ಲರೆಂಬುದೇ ಆ ಸಂದೇಹ. ಇದನ್ನು ಹೀಗಳೆಯುವುದು ಸುಲಭ, ಆದರೆ ಹೀಗಳೆಯತಕ್ಕದ್ದಲ್ಲ. ಪ್ರೀತಿಯಿದ್ದಲ್ಲಿ ಈ ಅಂಜಿಕೆಯೂ ಇರುತ್ತದೆ. ಆದರೂ ಕಲ್ಯಾಣಕ್ಕೆ ಬಂದವರನ್ನು ನೀನು ಯಾವ ಮನೆಯವನೆಂದು ಕೇಳಿ ಹೊರಗೆ ನಿಲ್ಲಿಸುವ ಪದ್ಧತಿಯು ಅನುಭವಮಂಟಪದಲ್ಲಿ ಇರಲಿಲ್ಲವೆಂಬುದನ್ನು ಮರೆತು ಈ ಪ್ರಶ್ನೆಯನ್ನು ಕೇಳಿದರೆ, ಕೇಳಿದವರೇ ಪೇಚಿಗೆ ಸಿಕ್ಕುತ್ತಾರೆ. ನಾಟಕವು ಸರಿಯೇ ತಪ್ಪೇ ಎಂಬುದನ್ನು ನಾಟಕದೊಳಗೇ ನೋಡಿ ಹೇಳಬೇಕಲ್ಲದೆ ಕರ್ತೃವಿನ ಮನೆತನದಲ್ಲಿ ಹುಡುಕತಕ್ಕುದಲ್ಲ.

ಇನ್ನು ಪ್ರೇಕ್ಷಕರ ವಿಚಾರ. ಬೆಂಗಳೂರಿನ ಸುತ್ತಮುತ್ತಣ ಹಳ್ಳಿಗಳಲ್ಲಿ ನಾಟಕವೆಂದರೆ ಏನೆಂಬುದು ಈ ಸಭೆಯ ಹಿರಿಯರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಹಬ್ಬ ಜಾತ್ರೆಗಳ ಕಾಲಕ್ಕೆ ಊರ ಗಂಡಸರೇ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟರ ಮುಂದೆ ಕೂತು ಕಂದಪದ್ಯಗಳನ್ನು ಬಾಯಿಪಾಠ ಮಾಡಿ, ಬಾಡಿಗೆಗೆ ಸೀನರಿ ತಂದು, ಕಿರೀಟ ಭುಜಕೀರ್ತಿಗಳನ್ನು ಬಾಡಿಗೆಗೆ ತಂದು, ರಾತ್ರಿ ಹತ್ತಕ್ಕೆ ಪ್ರಾರಂಭಿಸಿ ಬೆಳಗಿನ ಕೋಳಿ ಕೂಗುವ ತನಕ ‘ಕುರುಕ್ಷೇತ್ರ’ವನ್ನಾಡುವರು. ದುರ್ಯೋಧನನ ಪಾತ್ರಧಾರಿಯು ಒಂದು ಪದ್ಯವನ್ನು ಎತ್ತಿ ಹಾಡಿದರೆ ಸಭೆಯಿಂದ ‘ಒನ್ಸ್ ಮೋರ್’ ಎಂಬ ಕೂಗೇಳುವುದು. ಯುದ್ಧವು ಅಲ್ಲಿಗೆ ನಿಂತು ಅದೇ ಪದ್ಯವು ಮತ್ತೊಮ್ಮೆ ಆಗುವುದು. ನಡುವೆ ನೆಂಟರು ರಂಗವನ್ನು ಹತ್ತಿ ಹೂಮಾಲೆ ಹಾಕಿ, ಎದೆಗೆ ನೋಟು ಸಿಕ್ಕಿಸಿ ಇಳಿಯುವರು. ಕೃಷ್ಣನು ರಂಗಕ್ಕೆ ಬಂದೊಡನೆ ಮುದುಕಿಯರು ಕೈಮುಗಿಯುವರು. ವೇಷದೊಳಗಿನವನು ನಮ್ಮ ಕೇರಿಯ ಹುಡುಗನೆಂದು ಚೆನ್ನಾಗಿ ತಿಳಿದೂ ಕೈಮುಗಿಯುವರು. ಇದು ಅಜ್ಞಾನವಲ್ಲ, ನೋಡುವುದಕ್ಕೆ ಇದೂ ಒಂದು ರೀತಿ. ಪ್ರೇಕ್ಷಕನು ಇಲ್ಲಿ ಹೊಸ ಕಥೆಯನ್ನು ಕೇಳಲು ಬರುವುದಿಲ್ಲ. ತಿಳಿದ ಕಥೆಯನ್ನು ಹತ್ತಿರದಿಂದ ನೋಡಿ ಹೋಗುವುದಕ್ಕೆ ಬರುತ್ತಾನೆ. ಕಥೆಯು ತಿಳಿದಂತೆಯೇ ನಡೆಯದಿದ್ದರೆ ಅವನಿಗೆ ಸಿಟ್ಟು ಬರುವುದು ಸ್ವಾಭಾವಿಕ.

‘ತಲೆದಂಡ’ದ ಮುಂದೆ ಕೂತ ಭಕ್ತನಿಗೆ ಮೊದಲು ಎಡವುವುದು ಪವಾಡದ ವಿಷಯದಲ್ಲಿ. ಪುರಾಣವನ್ನು ಕೇಳಿದವರೆಲ್ಲರಿಗೂ ಬೊಕ್ಕಸದ ಪ್ರಸಂಗವು ಗೊತ್ತು. ಭಂಡಾರಿ ಬಸವಣ್ಣನವರು ಅರಮನೆಯ ಧನವನ್ನು ಜಂಗಮರಿಗೆ ಸೂರೆ ಮಾಡಿದರೆಂದು ಕೊಂಡೆಯರು ಬಿಜ್ಜಳನ ಕಿವಿಯೂದಿದರು. ಲೆಕ್ಕ ನೋಡಿಸಲು ಒಂದು ಕಾಸೂ ಕಡಮೆಯಾಗಿರಲಿಲ್ಲ. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣ, ಇವುಗಳ ಪರಂಪರೆಯಲ್ಲಿ ಬೆಳೆದ ಕಿವಿಗೆ ಇಲ್ಲಿ ಶಿವನ ಕೈವಾಡವು ಕೇಳಿಸಬೇಕು. 1959ರಲ್ಲಿ ತೆರೆಗೆ ಬಂದ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರಾಗಿಯೂ ರಾಜಕುಮಾರರು ಬಿಜ್ಜಳನಾಗಿಯೂ ಅಭಿನಯಿಸಿದುದನ್ನು ನೋಡಿದವರ ಕಣ್ಣಿನಲ್ಲಿ ಭಕ್ತಿಯ ಆ ಒಂದು ಚಿತ್ರವು ಅಚ್ಚೊತ್ತಿದಂತೆ ಉಳಿದಿದೆ. ಕಾರ್ನಾಡರ ನಾಟಕದಲ್ಲಿಯೂ ಬೊಕ್ಕಸದ ಪ್ರಸಂಗವುಂಟು; ಲೆಕ್ಕವು ಸರಿಯಾಗಿಯೇ ಇರುತ್ತದೆ; ಊರ ಜನರು ಪವಾಡವೆಂದು ಕುಣಿದಾಡುತ್ತಾರೆ. ಆದರೆ ಬಸವಣ್ಣನವರು ಒಪ್ಪುವುದಿಲ್ಲ. ಲೆಕ್ಕವನ್ನು ಸರಿಯಾಗಿಟ್ಟವನಿಗೆ ಲೆಕ್ಕವು ಸರಿಯಾಗಿರುವುದರಲ್ಲಿ ವಿಶೇಷವೇನು? ಅಂಥ ಮಾತಿನಿಂದ ಶರಣರಿಗೆ ಹಾನಿಯೇ ಆಗುವುದೆಂಬ ಕಳವಳ ಅವರಿಗೆ.

ಇಲ್ಲಿ ಪ್ರೇಕ್ಷಕವರ್ಗವು ಎರಡಾಗಿ ಸೀಳುತ್ತದೆ. ಪವಾಡವನ್ನು ಕಿತ್ತುಕೊಂಡರೆ ದೇವರನ್ನೇ ಕಿತ್ತುಕೊಂಡಂತೆಂದು ಒಂದು ಪಕ್ಷದವರಿಗೆ ನೋವು. ಅರಮನೆಯ ಹಣವನ್ನು ಒಂದು ಕಾಸೂ ಮುಟ್ಟದ ಅಧಿಕಾರಿಯೇ ಈ ಕಾಲದಲ್ಲಿ ದೊಡ್ಡ ಪವಾಡವೆಂದು ಇನ್ನೊಂದು ಪಕ್ಷದವರಿಗೆ ಹರ್ಷ. ಎರಡನೆಯವರ ಮಾತು ಕೇಳಲು ಚೆನ್ನ. ಮೊದಲನೆಯವರ ನೋವನ್ನು ಮಾತ್ರ ಅದು ಮುಟ್ಟುವುದಿಲ್ಲ. ಏಕೆಂದರೆ ಭಕ್ತನಿಗೆ ಬೇಕಾದುದು ನಿಷ್ಠಾವಂತ ಅಧಿಕಾರಿಯೊಬ್ಬನಲ್ಲ. ಕಷ್ಟದಲ್ಲಿ ಕರೆದರೆ ಓಗೊಡುವವನು. ನಾಟಕಕಾರನು ಇದನ್ನು ಅರಿತಿಲ್ಲವೆನ್ನುವ ಹಾಗಿಲ್ಲ. ಬಸವಣ್ಣನವರು ತಡೆದರೂ ಜನರು ಪವಾಡವನ್ನು ಬಿಡದೆ ಹಿಡಿದುಕೊಳ್ಳುವುದನ್ನು ಅವನು ತೋರಿಸಿಯೇ ಇದ್ದಾನೆ. ಸಭೆಯಲ್ಲಿ ಕೂತು ಮುನಿಸಿಕೊಂಡವರು ಒಂದರ್ಥದಲ್ಲಿ ಆ ನಾಟಕದ ಪಾತ್ರಗಳೇ.

ಮದುವೆಯ ಪ್ರಸಂಗದಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಕಷ್ಟವೊದಗುತ್ತದೆ. ಸಮಗಾರ ಹರಳಯ್ಯನವರ ಮಗ ಶೀಲವಂತನಿಗೆ, ಹಿಂದೆ ಬ್ರಾಹ್ಮಣರಾಗಿದ್ದು ಶರಣರಾದ ಮಧುವರಸರ ಮಗಳು ಕಲಾವತಿಯನ್ನು ಕೊಡುವುದೆಂದು ನಿಶ್ಚಯವಾಗುತ್ತದೆ. ಪುರಾಣದ ಕಿವಿಯು ಇಲ್ಲಿ ಮಂಗಳವಾದ್ಯವನ್ನು ಕೇಳಬಯಸುತ್ತದೆ. ಬಸವಣ್ಣನವರು ಎದ್ದು ನಿಂತು ಹರಸಬೇಕು, ಶರಣಗಣವು ಜಯಘೋಷ ಮಾಡಬೇಕು. ನಾಟಕದಲ್ಲಿ ಹಾಗಾಗುವುದಿಲ್ಲ. ಸುದ್ದಿಯನ್ನು ಕೇಳಿ ಬಸವಣ್ಣನವರು ಹಿಗ್ಗುವ ಮುಂಚೆ ಅಂಜುತ್ತಾರೆ. ತಮ್ಮ ಪ್ರಾಣಕ್ಕಾಗಿ ಅಂಜಿದವರಲ್ಲ. ಆ ಎರಡು ಎಳೆಯ ಜೀವಗಳಿಗಾಗಿ, ಹರಳಯ್ಯನವರ ಕೇರಿಗಾಗಿ. ಊರು ಇದನ್ನು ತಾಳಲಾರದೆಂದು ಅವರು ಬಲ್ಲರು. ಕೊನೆಗೆ ಹರಸುತ್ತಾರೆ, ಆದರೆ ಆ ಹರಕೆಗೆ ಮುಂಚೆ ಒಂದು ಗಳಿಗೆಯ ತಡೆಯುಂಟು.

ಆ ಒಂದು ಗಳಿಗೆಯ ತಡೆಗಾಗಿಯೇ ಎಷ್ಟೋ ಭಕ್ತರು ನಾಟಕಕಾರನನ್ನು ಕ್ಷಮಿಸಲಾರರು. ಜಾತಿಯ ಬೇರನ್ನೇ ಕಿತ್ತವರು ಹಿಂದೆಮುಂದೆ ನೋಡಿದರೆಂದು ಹೇಳುವುದು ಅಪಚಾರವೆಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅದೇ ಪ್ರಸಂಗದಲ್ಲಿ ಇನ್ನೊಂದನ್ನು ನಾಟಕಕಾರನು ಇಟ್ಟಿದ್ದಾನೆ. ಅದನ್ನು ನೋಡಿ ಮುನಿದವರು ಕಡಮೆ. ಮಧುವರಸರ ಹೆಂಡತಿಯು ಶರಣೆಯಾಗಿದ್ದಾಳೆ, ಲಿಂಗವನ್ನು ಧರಿಸಿದ್ದಾಳೆ, ಎಲ್ಲರೂ ಸಮಾನರೆಂದು ಬಾಯಲ್ಲಿ ಹೇಳುತ್ತಾಳೆ; ಆದರೂ ಮಗಳು ತೊಗಲಿನ ನಾತದ ಮನೆಯಲ್ಲಿ ಬಾಳಬೇಕೆಂದಾಗ ತಾಯಿಯ ಕರುಳು ಅಳುಕುತ್ತದೆ. ಹುಟ್ಟಿದಂದಿನಿಂದ ಚರ್ಮವನ್ನು ಮುಟ್ಟಬಾರದೆಂದು ಬೆಳೆದ ಮೈ. ಮನಸ್ಸು ಒಪ್ಪಿದರೂ ಮೈ ಒಪ್ಪುವುದಿಲ್ಲ. ಹುಡುಗನ ತಾಯಿಗೂ ಭಯ: ತಲೆತಲಾಂತರದಿಂದ ಬಗ್ಗಿ ನಡೆದ ಕೇರಿಗೆ ಈ ಸಂಬಂಧವು ಏನನ್ನು ತಂದೀತೋ ಎಂದು. ಇಬ್ಬರು ತಾಯಂದಿರ ಈ ಸಂಕಟದಲ್ಲಿ ಶಾಸ್ತ್ರವಿಲ್ಲ, ಸಿದ್ಧಾಂತವಿಲ್ಲ.

ಇಂಥ ಪ್ರಸಂಗವು ರಂಗದ ಮೇಲೆ ನಡೆಯುತ್ತಿರುವಾಗ ಕತ್ತಲೆಯಲ್ಲಿ ಕೂತ ಪ್ರೇಕ್ಷಕನು ಏನನ್ನು ನೆನೆಯುತ್ತಿರಬಹುದು? ಹರಳಯ್ಯನವರ ಜಯಂತಿಯಲ್ಲಿ ಭಾಷಣವನ್ನು ಕೇಳಿ ಚಪ್ಪಾಳೆ ತಟ್ಟಿದವನೇ, ತನ್ನ ಮನೆಯ ಹುಡುಗಿಯು ಅಂಥದೊಂದು ಮಾತನ್ನು ಎತ್ತಿದ ದಿನ ಬಾಗಿಲು ಹಾಕಿಕೊಂಡು ಕೂತಿರುವುದುಂಟು. ಶರಣರೊಳಗೇ ಒಳಪಂಗಡವನ್ನೆಣಿಸಿ ಸಂಬಂಧವನ್ನು ಬಿಟ್ಟ ಮನೆಗಳು ಎಷ್ಟಿಲ್ಲ! ಬಸವಣ್ಣನವರು ಅಂಜಿದರೆಂದು ತೋರಿಸಿದ ನಾಟಕಕಾರನ ಮೇಲೆ ಕೋಪಿಸಿಕೊಳ್ಳುವುದು ಒಂದು. ಆ ಅಂಜಿಕೆಗೆ ಎಂಟುನೂರು ವರ್ಷಗಳ ಮೇಲೆಯೂ ಕಾರಣವನ್ನು ಉಳಿಸಿಕೊಂಡಿರುವವರು ಯಾರೆಂದು ಕೇಳಿಕೊಳ್ಳುವುದು ಇನ್ನೊಂದು. ಅಪಚಾರದ ಮಾತನ್ನೆತ್ತುವವರು ಎರಡನೆಯದಕ್ಕೂ ಉತ್ತರವನ್ನಿಟ್ಟುಕೊಂಡು ಎತ್ತತಕ್ಕದ್ದು.

ಬಿಜ್ಜಳನ ಪಾತ್ರದ ಮೇಲಣ ಆಕ್ಷೇಪಣೆಯು ಬೇರೆ ಜಾತಿಯದು. ಅದನ್ನು ಹೆಚ್ಚು ಒಪ್ಪಬೇಕಾಗುತ್ತದೆ. ನಾಟಕದ ಬಿಜ್ಜಳನು ಹಜಾಮರ ಕುಲದಿಂದ ಮೇಲೆ ಬಂದವನು. ಕ್ಷತ್ರಿಯನೆಂಬ ಬಿರುದನ್ನು ಪಡೆದೂ ಜನರ ಕಣ್ಣಿನಲ್ಲಿ ಆ ಹಳೆಯ ಹೆಸರು ಅಳಿಯಲಿಲ್ಲವೆಂಬ ಉರಿ ಅವನೊಳಗಿದೆ. ಅವನ ಬಾಯಲ್ಲಿ ಉತ್ತರ ಕರ್ನಾಟಕದ ಆಡುಮಾತು ಖಾರವಾಗಿ, ರಸವತ್ತಾಗಿ ಹರಿಯುತ್ತದೆ. ಬೈದರೂ ಜನರು ನಗುತ್ತಾರೆ, ಅತ್ತರೆ ಕರಗುತ್ತಾರೆ. ಒಳ್ಳೆಯ ನಟನ ಕೈಗೆ ಸಿಕ್ಕಿದರೆ ಸಭೆಯು ಅವನದೇ. ಬಸವಣ್ಣನವರ ಪಾತ್ರವೋ ಎಂದರೆ ವಿನಯದ್ದು, ಚಿಂತೆಯದು, ಹೆಚ್ಚಾಗಿ ಕೇಳಿಸಿಕೊಳ್ಳುವುದು. ಮನೆಗೆ ಹೋಗುವಾಗ ಜನರು ಬಿಜ್ಜಳನ ಮಾತುಗಳನ್ನು ಅಣಕಿಸಿಕೊಂಡು ಹೋದರೆ ಭಕ್ತನಿಗೆ ಬೇಸರವಾಗದೆ ಇರುತ್ತದೆಯೆ? ಅದೂ ಅಲ್ಲದೆ ಅಲ್ಲಮಪ್ರಭುಗಳೂ ಅಕ್ಕಮಹಾದೇವಿಯವರೂ ಈ ನಾಟಕದ ರಂಗಕ್ಕೆ ಬರುವುದೇ ಇಲ್ಲ. ಅನುಭವಮಂಟಪದಲ್ಲಿ ನಡೆದ ಮಹಾಸಂವಾದದ ಬೆಳಕು ಇಲ್ಲಿ ಬೀಳುವುದಿಲ್ಲ. ಶರಣರು ಏತಕ್ಕಾಗಿ ಪ್ರಾಣ ಕೊಟ್ಟರೆಂಬುದು ನಾಟಕದಲ್ಲಿ ಸ್ಪಷ್ಟವಾಗಿದೆ; ಅವರು ಏನನ್ನು ಪಡೆದಿದ್ದರೆಂಬುದು, ಯಾವ ಆನಂದದಲ್ಲಿದ್ದರೆಂಬುದು ಅಷ್ಟು ಸ್ಪಷ್ಟವಿಲ್ಲ. 1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದಂದಿನಿಂದ ವಚನಗಳನ್ನು ಓದುತ್ತ ಬಂದ ಮನೆಗಳವರಿಗೆ ಈ ಕೊರತೆಯು ಕಂಡೇ ಕಾಣುತ್ತದೆ. ಇದನ್ನು ದ್ವೇಷವೆನ್ನಬಾರದು, ನಾಟಕವು ರಾಜಕಾರಣವನ್ನು ನೋಡಿದಷ್ಟು ಆಳವಾಗಿ ಅನುಭಾವವನ್ನು ನೋಡಲಿಲ್ಲವೆಂದರೆ ಸಾಕು.

ಕೊನೆಯಂಕದ ವಿಷಯದಲ್ಲಿಯೂ ಒಂದು ಮಾತು. ಮಧುವರಸ ಹರಳಯ್ಯರಿಗೆ ಎಳೆಹೂಟೆಯ ಘೋರಶಿಕ್ಷೆಯಾಗುತ್ತದೆ. ಬಿಜ್ಜಳನನ್ನು ಮಗ ಸೋವಿದೇವನೇ ಸೆರೆಯಲ್ಲಿಡುತ್ತಾನೆ. ಜಗದೇವನು ಬಿಜ್ಜಳನನ್ನು ಕೊಲ್ಲುತ್ತಾನೆ. ಪುರಾಣದಲ್ಲಿ ಈ ಕೊಲೆಯು ಶಿವದ್ರೋಹಕ್ಕೆ ತಕ್ಕ ದಂಡನೆಯಾಗಿ ಬರುವುದು. ಜೈನಕವಿಯ ‘ಬಿಜ್ಜಳರಾಯಚರಿತ್ರೆ’ಯಲ್ಲಿ ಅರಸನು ವಿಷದಿಂದ ಸತ್ತನೆಂದಿದೆ. ಬಿಜ್ಜಳನು 1167ರ ಸುಮಾರಿನಲ್ಲಿ ಸೋವಿದೇವನಿಗೆ ಪಟ್ಟವನ್ನು ಬಿಟ್ಟುಕೊಟ್ಟನೆಂದು ಇತಿಹಾಸಕಾರರು ಶಾಸನಾಧಾರದಿಂದ ಹೇಳುವರು. ನಾಟಕಕಾರನು ಕೊಲೆಯ ಕಥೆಯನ್ನೇ ಹಿಡಿದು, ಅದರಿಂದ ವೀರರಸವನ್ನು ತೆಗೆದುಹಾಕಿದ್ದಾನೆ. ಜಗದೇವನು ಮೊದಲಂಕದಲ್ಲಿ ಸಾಯುವ ತಂದೆಯ ಬಳಿ ನಿಲ್ಲದೆ ಶರಣರ ಕೆಲಸಕ್ಕೆ ಓಡಿದ ಹುಡುಗ. ಉತ್ಸಾಹವು ಹೆಚ್ಚು, ತಾಳ್ಮೆಯು ಕಡಮೆ. ಅವನ ಕೈಗೆ ಕತ್ತಿಯು ಬಂದಾಗ ತರುಣ ಪ್ರೇಕ್ಷಕರಿಗೆ ಮೈ ಬಿಸಿಯಾಗುವುದು ಸಹಜ. ಆದರೆ ಮರುಗಳಿಗೆಯಲ್ಲಿ ಆ ಕೊಲೆಯ ಫಲವಾಗಿ ಕಲ್ಯಾಣವೆಲ್ಲ ಶರಣರ ರಕ್ತದಿಂದ ತೊಯ್ಯುವುದನ್ನು ನೋಡಬೇಕಾಗುತ್ತದೆ. ತಲೆದಂಡವೆಂದರೆ ತಪ್ಪಿಗೆ ತಲೆಯನ್ನೇ ದಂಡವಾಗಿ ತೆರುವುದು. ಇಲ್ಲಿ ಯಾರ ತಪ್ಪಿಗೆ ಯಾರ ತಲೆಯೆಂಬುದು ಪರದೆ ಬಿದ್ದಮೇಲೆಯೂ ಬಗೆಹರಿಯದು.

ಕನ್ನಡನಾಡಿನ ಹೊರಗೆ ಈ ನಾಟಕಕ್ಕೆ ದೊರೆತ ಸ್ವಾಗತವನ್ನೂ ಹೇಳತಕ್ಕುದು. ರಾಮಗೋಪಾಲ ಬಜಾಜರು ಇದನ್ನು ‘ರಕ್ತ ಕಲ್ಯಾಣ’ವೆಂಬ ಹೆಸರಿನಿಂದ ಹಿಂದೀ ಭಾಷೆಗೆ ತಂದರು, 1992ರಲ್ಲಿ ಇಬ್ರಾಹಿಂ ಅಲ್ಕಾಜಿಯವರು ದಿಲ್ಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ ಆಡಿಸಿದರು, ತರುವಾಯ ಅರವಿಂದ ಗೌಡರ ಅಸ್ಮಿತಾ ತಂಡದವರು ಅನೇಕ ವರ್ಷಗಳ ಕಾಲ ಆಡಿದರು. ಅದು ಎಂಥ ಕಾಲ! 1990ರಲ್ಲಿ ಮಂಡಲ ವರದಿಯ ಸಂಬಂಧವಾದ ಗಲಭೆ, 1992ರಲ್ಲಿ ಅಯೋಧ್ಯೆಯ ಘಟನೆ. ಜಾತಿಯ ಪ್ರಶ್ನೆಯೂ ಗುಡಿಯ ಪ್ರಶ್ನೆಯೂ ಬೀದಿಯಲ್ಲಿ ಹೊತ್ತಿ ಉರಿಯುತ್ತಿದ್ದುವು. ಕಲ್ಯಾಣದ ಶರಣರು ಎತ್ತಿದ ಪ್ರಶ್ನೆಗಳು ಈ ಕಾಲಕ್ಕೆ ಎಷ್ಟು ಹೊಂದುವುವೆಂಬುದನ್ನು ಆ ಚಳವಳಿಗಳೇ ತೋರಿಸಿಕೊಟ್ಟುವೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಬಸವಣ್ಣನವರ ಹೆಸರನ್ನೂ ಕೇಳದ ದಿಲ್ಲಿಯ ಪ್ರೇಕ್ಷಕನಿಗೆ ನಾಟಕವು ತನ್ನ ಬೀದಿಯ ಕಥೆಯಾಗಿಯೇ ಕಂಡಿರಬೇಕು. ಅವನಿಗೆ ಮನಸ್ಸು ನೋಯುವ ಪ್ರಸಂಗವಿಲ್ಲ. ಆದರೆ ಬಸವಣ್ಣನವರು ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಕನ್ನಡದ ಮುದುಕಿಯೊಬ್ಬಳಿಗೆ ಕಣ್ಣು ತುಂಬುವುದೂ ಅವನಿಗಿಲ್ಲ. ಯಾರಿಗೆ ಹೆಚ್ಚು ಸಿಕ್ಕಿತೆಂದು ತೂಗಿ ಹೇಳುವುದು ಕಷ್ಟ.

ಶರಣಚರಿತ್ರೆಯನ್ನು ರಂಗಕ್ಕೆ ತಂದವರು ಕಾರ್ನಾಡರೊಬ್ಬರೇ ಅಲ್ಲ. ಲಂಕೇಶರ ‘ಸಂಕ್ರಾಂತಿ’ಯು ಅವರಿಗಿಂತ ಮುಂಚಿನದು. ಎಂ. ಎಂ. ಕಲಬುರ್ಗಿಯವರ ‘ಕೆಟ್ಟಿತ್ತು ಕಲ್ಯಾಣ’ವು ಆಮೇಲಿನದು. ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ದ ವೃತ್ತಾಂತವಂತೂ ಪ್ರೇಕ್ಷಕರ ವಿಚಾರ ಮಾಡುವವರು ಮನಗಾಣಬೇಕಾದದ್ದು. ಅದು 1986ರ ಸುಮಾರಿನಲ್ಲಿ ರಂಗದ ಮೇಲೆ ಬಂದಾಗ ಜನರು ಗುಂಪುಗುಂಪಾಗಿ ಹೋಗಿ ನೋಡಿದರು, ಮೆಚ್ಚಿದರು. ಅದೇ ನಾಟಕವು ಪಠ್ಯಪುಸ್ತಕವಾದ ಮೇಲೆ, 1995ರ ಸುಮಾರಿಗೆ, ಶರಣರಿಗೆ ಅವಮಾನವಾಯಿತೆಂದು ಸಮಾಜದಲ್ಲಿ ದೊಡ್ಡ ಕೂಗೆದ್ದಿತು. ರಂಗದ ಮೇಲೆ ನೋಡಿದಾಗ ಕಾಣದ ಅವಮಾನವು ಪುಸ್ತಕದ ಹಾಳೆಯಲ್ಲಿ ಹೇಗೆ ಕಂಡಿತು? ನಾಟಕಶಾಲೆಯಲ್ಲಿ ಮಾತಿನ ಹಿಂದೆ ಮುಖವಿರುತ್ತದೆ, ಮಾತಿನ ಮುಂದೆ ಮೌನವಿರುತ್ತದೆ. ಕೆಟ್ಟವನು ಆಡಿದ ಮಾತು ಕೆಟ್ಟವನದೆಂದು ಹಳ್ಳಿಯ ಹುಡುಗನಿಗೂ ತಿಳಿಯುತ್ತದೆ. ಹಾಳೆಯಿಂದ ಒಂದು ವಾಕ್ಯವನ್ನು ಕಿತ್ತು ಕರಪತ್ರದಲ್ಲಿ ಹಾಕಿದರೆ ಆ ಮುಖವೂ ಇಲ್ಲ, ಮೌನವೂ ಇಲ್ಲ. ಪೂರ್ತಿಯಾಗಿ ನೋಡಿ ನೊಂದವನ ನೋವಿಗೆ ಬೆಲೆಯುಂಟು. ನೋಡದೆ ನೊಂದವನನ್ನು ನಾಟಕಕ್ಕೆ ಕರೆದುಕೊಂಡು ಹೋಗಬೇಕಾದದ್ದು ಮೊದಲ ಕೆಲಸ.

ಮಠಗಳಿಗೂ ರಂಗಭೂಮಿಗೂ ಹಗೆಯೆಂದು ತಿಳಿದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಡೆಗೆ ನೋಡಬಹುದು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಗೆ ಪಾತ್ರರಾದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳ ಅನ್ನಕ್ಕಾಗಿ ನಾಟ್ಯಸಂಘವನ್ನು ನಡೆಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ತಾವೇ ನಾಟಕಗಳನ್ನು ಬರೆದರು, ತಾವೇ ಬಣ್ಣ ಹಚ್ಚಿದರು. ಶಿವಪೂಜೆಯನ್ನು ಬಿಡದ ಆ ಕೈಗಳೇ ಹಾರ್ಮೋನಿಯಮ್ಮನ್ನೂ ನುಡಿಸಿದುವು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1997ರಲ್ಲಿ ‘ಶಿವಸಂಚಾರ’ವೆಂಬ ತಿರುಗಾಟದ ನಾಟಕಮಂಡಲಿಯನ್ನು ಸ್ಥಾಪಿಸಿ ಊರೂರಿಗೆ ಒಳ್ಳೆಯ ನಾಟಕಗಳನ್ನು ಕಳುಹಿಸಿದರು. 2019ರ ಆಗಸ್ಟ್ ತಿಂಗಳಿನಲ್ಲಿ ‘ಮತ್ತೆ ಕಲ್ಯಾಣ’ವೆಂಬ ಸಂಚಾರವನ್ನು ಅವರು ಕೈಗೊಂಡಾಗ ಹಗಲಿನಲ್ಲಿ ವಿದ್ಯಾರ್ಥಿಗಳೊಡನೆ ಸಂವಾದವೂ ಸಂಜೆಯಲ್ಲಿ ಸಭೆಯೂ ಅದರ ಕೊನೆಗೆ ನಾಟಕವೂ ನಡೆದುವು. ಮಠದ ಅಂಗಳದಲ್ಲಿ ರಂಗವನ್ನು ಕಟ್ಟುವುದು ಹೊಸ ಆಚಾರವೇನಲ್ಲ.

ಈಗ ಬೊಮ್ಮನಹಳ್ಳಿಯ ಮಾತಿಗೆ ಬರುವ. ಹೊಸೂರು ರಸ್ತೆಯ ಮಗ್ಗುಲಿನ ಈ ಹಳ್ಳಿಯು ನಗರಸಭೆಯಾಗಿ, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿಹೋಯಿತು. 2025ರ ಆಗಸ್ಟ್ 10ರಂದು ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೋ ಮಾರ್ಗವು ತೆರೆದು, ಊರ ಹೆಸರಿನ ನಿಲ್ದಾಣವೊಂದು ತಲೆಯ ಮೇಲೆ ಎದ್ದು ನಿಂತಿತು. ಶಂಕರ ನಾಗರ ನೆನಪಿಗಾಗಿ 2004ರಲ್ಲಿ ತೆರೆದ ರಂಗಶಂಕರವು ಜೆ. ಪಿ. ನಗರದಲ್ಲಿದೆ, ಇಲ್ಲಿಗೆ ಅದೇನು ಬಹುದೂರವಲ್ಲ. ಆದರೆ ದೂರವನ್ನು ಮೈಲಿಯಿಂದಲೇ ಅಳೆಯಬಾರದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವೆಲ್ಲ ಹೊಲಿಗೆಯಂತ್ರದ ಮುಂದೆ ಕೂತು, ಸಂಜೆ ತರಕಾರಿಯನ್ನು ಕೊಂಡು, ಒಂದು ಕೋಣೆಯ ಮನೆಗೆ ಓಡುವ ಹೆಣ್ಣುಮಗಳಿಗೆ ಆ ನಾಟಕಶಾಲೆಯು ದಿಲ್ಲಿಯಷ್ಟೇ ದೂರ.

ಆ ಹೆಣ್ಣುಮಕ್ಕಳು ಯಾರೆಂಬುದನ್ನು 2016ರ ಏಪ್ರಿಲ್ 18ರಂದು ದೇಶವೆಲ್ಲ ನೋಡಿತು. ಭವಿಷ್ಯನಿಧಿಯ ಹಣವನ್ನು ತೆಗೆಯುವ ಹಕ್ಕಿಗೆ ಕೇಂದ್ರಸರ್ಕಾರದವರು ಹಾಕಿದ ಹೊಸ ನಿರ್ಬಂಧದ ಸುದ್ದಿ ಹಬ್ಬಿದೊಡನೆ, ಮುಂದಾಳುಗಳು ಕರೆಯುವುದಕ್ಕೂ ಕಾಯದೆ, ಬೊಮ್ಮನಹಳ್ಳಿಯ ಕಾರ್ಖಾನೆಗಳ ಸಾವಿರಾರು ಸ್ತ್ರೀಯರು ಹೊಸೂರು ರಸ್ತೆಗೆ ಇಳಿದು ನಿಂತುಬಿಟ್ಟರು. ಮರುದಿನವೇ ಸರ್ಕಾರವು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಕಾಯಕ ಮಾಡುವವರು ತಮ್ಮ ಕಾಯಕದ ಫಲವನ್ನು ಕೇಳಿದ ಸಂಗತಿಯದು. ‘ತಲೆದಂಡ’ದ ಕಲ್ಯಾಣವೂ ಇಂಥ ಊರೇ: ಬೇರೆಬೇರೆ ಸೀಮೆಗಳಿಂದ ಕೆಲಸವನ್ನರಸಿ ಬಂದವರು, ಹಳೆಯ ಕಟ್ಟನ್ನು ಹಿಂದೆ ಬಿಟ್ಟು ಬಂದವರು, ಪಕ್ಕದ ಮನೆಯವನ ಜಾತಿ ತಿಳಿಯದೆ ಗೆಳೆತನ ಮಾಡಿದವರು, ಆ ಗೆಳೆತನವು ಮದುವೆಯ ಮಾತಾದಾಗ ಮಾತ್ರ ತಂತಮ್ಮ ಊರನ್ನು ನೆನೆಯುವವರು. ಈ ನಾಟಕವನ್ನು ನೋಡುವುದಕ್ಕೆ ಇವರಿಗಿಂತ ತಕ್ಕ ಪ್ರೇಕ್ಷಕರು ರವೀಂದ್ರ ಕಲಾಕ್ಷೇತ್ರದ ಮೆತ್ತನೆಯ ಕುರ್ಚಿಗಳಲ್ಲಿ ಸಿಕ್ಕುವರೆಂದು ತೋರುವುದಿಲ್ಲ. ತೊಗಲಿನ ನಾತಕ್ಕೆ ಅಳುಕಿದ ತಾಯಿಯನ್ನೂ, ಆ ಅಳುಕಿಗೆ ಗುರಿಯಾದ ತಾಯಿಯನ್ನೂ, ಈ ಬೀದಿಗಳಲ್ಲಿ ಒಂದೇ ನಲ್ಲಿಯ ಮುಂದೆ ಕಾಣಬಹುದು.

ಉತ್ಸವದ ದಿನಗಳಲ್ಲಿ ಶ್ರೀಮಠದ ಅಂಗಳದಲ್ಲಿ ಶರಣಚರಿತ್ರೆಯ ನಾಟಕವೊಂದಾಗಬೇಕೆಂಬ ಸೂಚನೆಯು ಭಕ್ತಮಂಡಲಿಯಲ್ಲಿದ್ದರೆ, ‘ತಲೆದಂಡ’ವನ್ನು ಕೈಬಿಡಲು ಮೇಲೆ ಹೇಳಿದ ಆಕ್ಷೇಪಣೆಗಳಲ್ಲಿ ಯಾವುದೂ ಸಾಲದು. ಅಲ್ಲಮಪ್ರಭುಗಳಿಲ್ಲದ ಕೊರತೆಯನ್ನು ಅದರ ಹಿಂದಿನ ದಿನದ ವಚನಗಾಯನದಿಂದ ತುಂಬಿಕೊಳ್ಳಬಹುದು. ನಾಟಕವು ಭಾನುವಾರ ಸಂಜೆಯಲ್ಲಿಯೇ ಆಗತಕ್ಕುದು. ಕಾರ್ಖಾನೆಯವರಿಗೆ ಬೇರೆ ದಿನ ಬಿಡುವಿಲ್ಲ. ಮುಂದಿನ ಸಾಲುಗಳನ್ನು ಗಣ್ಯರಿಗೆಂದು ಕಟ್ಟಿ ಹಾಕದೆ ಹೆಂಗಸರಿಗೂ ಮಕ್ಕಳಿಗೂ ಬಿಡಬೇಕು. ಪರದೆ ಬಿದ್ದೊಡನೆ ವಂದನಾರ್ಪಣೆಯ ಭಾಷಣಗಳಿಗೆ ಹೋಗದೆ, ನೊಂದವರು ನೊಂದದ್ದನ್ನು ಹೇಳುವುದಕ್ಕೂ ಮೆಚ್ಚಿದವರು ಮೆಚ್ಚಿದ್ದನ್ನು ಹೇಳುವುದಕ್ಕೂ ಅರ್ಧ ಗಂಟೆಯ ಅವಕಾಶವನ್ನು ಶ್ರೀಗಳವರ ಸಮ್ಮುಖದಲ್ಲಿಯೇ ಕೊಡಬೇಕು. ಆಮೇಲೆ ಪ್ರಸಾದ. ಹರಳಯ್ಯನ ವೇಷ ಹಾಕಿದವನೂ ಬಿಜ್ಜಳನ ವೇಷ ಹಾಕಿದವನೂ, ಅವರನ್ನು ಬೈದವರೂ, ಅದೇ ಪಂಕ್ತಿಯಲ್ಲಿ ಕೂತು ಉಣ್ಣಲಿ.